ಅಂಗಾರಣ್ಣ ತಲೆ ಎತ್ತದ ಕಾರಣ

ಹೆಜಮಾಡಿಯ ಅಂಗಾರಣ್ಣ ನಲವತ್ತು ವರ್ಷಗಳಿಂದ ಹರಿದ ಬಲೆಗಳನ್ನು ಹೊಲಿದುಕೊಡುತ್ತಿದ್ದರು. 2003ರ ಮಳೆಗಾಲದಲ್ಲಿ ಅವರ ಶೆಡ್ಡಿಗೆ ದೋಣಿಯ ಯಜಮಾನ ಜಿತೇಂದ್ರ ಬಂದು ಎರಡು ಸಲ ಕರೆದ. ಅವರು ತಲೆ ಎತ್ತಲಿಲ್ಲ.

“ಅಜ್ಜ ಎಂಗ್ರೋಸ್ಡ್ ಇನ್ ಹಿಸ್ ವರ್ಕ್” ಎಂದಳು ಹತ್ತನೇ ತರಗತಿಯ ಮೊಮ್ಮಗಳು ನವ್ಯಶ್ರೀ.

“ಹಾಗೆಂದರೆ ಎಂತ ಮಾರಾಯ್ತಿ?”

“ಕೆಲಸದಲ್ಲಿ ಮುಳುಗಿದ್ದಾರೆ ಅಂತ.”

“ಓಹೋ, ಅಜ್ಜನಿಗೆ ಇಂಗ್ಲಿಷಿನಲ್ಲಿಯೇ ಸರ್ಟಿಫಿಕೇಟ್ ಉಂಟು!”

ಜಿತೇಂದ್ರ ನಗುತ್ತಾ, ಹೊಲಿದು ಮುಗಿದಿದ್ದ ಬಲೆಯನ್ನು ಬಿಡಿಸಲು ನೋಡಿದ. ಅದು ಬಿಚ್ಚಿಕೊಳ್ಳಲಿಲ್ಲ. ಮೇಲಿನ ಪದರಕ್ಕೆ ಕೆಳಗಿನ ಪದರವೂ ಸೇರಿ ಹೊಲಿಗೆ ಬಿದ್ದಿತ್ತು.

“ಅಂಗಾರಣ್ಣ, ನಿಮಗೆ ದೃಷ್ಟಿ ಇಲ್ಲ ಅಲ್ವಾ?”

“ಬೆರಳಿಗೆ ಗೊತ್ತಾಗ್ತದೆ” ಎಂದರು ಅವರು.

ಎರಡು ವರ್ಷಗಳಿಂದ ಅವರು ಹರಿದ ಜಾಗವನ್ನು ಬೆರಳಿನಿಂದಲೇ ಹುಡುಕಿ ಹೊಲಿಯುತ್ತಿದ್ದರು. ಯಾರಾದರೂ ಕರೆದಾಗ ತಿರುಗಿದರೆ ಬೆರಳು ಜಾರಿ, ಹಿಡಿದ ಜಾಗ ತಪ್ಪಿಹೋಗುತ್ತಿತ್ತು. ಕಣ್ಣು ಕಾಣದ್ದನ್ನು ಅವರು ಮನೆಯವರಿಗೂ ಹೇಳಿರಲಿಲ್ಲ.

“ಇನ್ನೊಂದು ಬಲೆ ಕೊಡು ಮಾರಾಯ, ನಿಧಾನಕ್ಕೆ ಮಾಡ್ತೇನೆ.”

ಜಿತೇಂದ್ರ ತನ್ನ ಬಲೆಗಳನ್ನೆಲ್ಲ ರಿಕ್ಷಾಕ್ಕೆ ಹಾಕಿಸಿದ. ಸಂಜೆಯೊಳಗೆ ಉಳಿದ ದೋಣಿಯವರೂ ಸುದ್ದಿ ಕೇಳಿ ಬಂದು ತಮ್ಮ ಬಲೆಗಳನ್ನು ಕೊಂಡುಹೋದರು. ಅಂಗಾರಣ್ಣ ಯಾರನ್ನೂ ತಡೆಯಲಿಲ್ಲ.