ಮೂರು ಸಲ ತುಳಿಯುವ ಕಾಲು

ನಿಮ್ಮ ಲಾರಿಗೆ ಬ್ರೇಕ್ ಇಲ್ಲ ಎಂದರೆ ನನ್ನ ಗಂಡನಿಗೆ ಸಿಟ್ಟು ಬರುತ್ತಿತ್ತು. “ಅದ. ಸ್ವಲ್ಪ ತಡ ಹಿಡಿತದ, ಅಷ್ಟ” ಎನ್ನುತ್ತಿದ್ದರು. ತಡವಾಗಿ ಹಿಡಿಯುವ ಬ್ರೇಕು ಯಾವ ಸುಡುಗಾಡಿಗೆ ಬೇಕು? ನಮ್ಮ ಮಾವನ ಕಾಲದ ಗಾಡಿ ಅದು, ಎಂಜಿನ್ನನ್ನು ಮೂತಿಯಂತೆ ಮುಂದಕ್ಕೆ ಚಾಚಿಕೊಂಡಿರುವಂಥದ್ದು. ರಾಯಚೂರಿನಲ್ಲಿ ಅದರ ಓರಗೆಯವೆಲ್ಲ ಗುಜರಿ ಸೇರಿ ಎಷ್ಟೋ ಕಾಲವಾಗಿದೆ. ಇವರು ಮಾತ್ರ ಅದನ್ನು ಬಿಡಲೊಲ್ಲರು. ಮಾನ್ವಿಯಿಂದ ಭತ್ತ ತುಂಬಿಕೊಂಡು ರಾಯಚೂರಿನ ಮಿಲ್ಲಿಗೆ, ರಾಯಚೂರಿನಿಂದ ಸಿಮೆಂಟು, ಕಬ್ಬಿಣ ಹೇರಿಕೊಂಡು ದೇವದುರ್ಗಕ್ಕೆ. ಇದೇ ನಮ್ಮ ಸಂಸಾರದ ದಾರಿ.

ಕ್ಲೀನರ್ ಕೆಲಸಕ್ಕೆ ಬಂದವರು ಯಾರೂ ನಿಲ್ಲಲಿಲ್ಲ, ಜೀವದ ಮೇಲೆ ಆಸೆ ಇದ್ದವರೆಲ್ಲ ಓಡಿಹೋದರು. ಮಕ್ಕಳು ದೊಡ್ಡವರಾಗಿ ತಮ್ಮ ಪಾಡಿಗೆ ತಾವಾದ ಮೇಲೆ ಆ ಸೀಟು ನನ್ನ ಪಾಲಿಗೆ ಬಂತು. ಕಾಲ ಬಳಿ ಒಂದು ಅಡ್ಡಗಲ್ಲು ಇಟ್ಟುಕೊಂಡು ಕೂರುವುದು. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಬೇಕಾದರೆ, ಅದು ಪೂರ್ತಿ ನಿಲ್ಲುವ ಮೊದಲೇ ಸೆರಗು ಸಿಕ್ಕಿಸಿ ಕೆಳಗೆ ಧುಮುಕಿ ಗಾಲಿಯ ಮುಂದೆ ಕಲ್ಲಿಡುವುದು. ಪ್ರತಿ ಸಲ ಶಿವನ ಹೆಸರು ಹೇಳಿಕೊಂಡೇ ಧುಮುಕುತ್ತಿದ್ದೆ. ಇವರು ಮೇಲೆ ಕೂತು ನಗುತ್ತಿದ್ದರು. “ಹೆದರುಪುಕ್ಲಿ, ನಾ ಅದೀನಲ್ಲ ಬೇ!”

ಇವರ ಬ್ರೇಕ್ ಹಾಕುವ ರೀತಿಯೇ ಬೇರೆ. ಪೆಡಲನ್ನು ಒಮ್ಮೆ ತುಳಿದರೆ ಅದು ಸುಮ್ಮನೆ ತಳ ಮುಟ್ಟುತ್ತಿತ್ತು. ಎರಡನೆಯ ಸಲಕ್ಕೆ ಚೂರು ಬಿಗಿ. ಮೂರನೆಯದಕ್ಕೆ ಗಾಡಿ ನರಳಿ ನಿಲ್ಲುತ್ತಿತ್ತು. ಹೀಗಾಗಿ ಇವರ ಕಾಲು ಮನೆಯಲ್ಲಿ ಕುರ್ಚಿ ಮೇಲೆ ಕೂತು ಟಿವಿ ನೋಡುವಾಗಲೂ, ಪರದೆಯ ಮೇಲೆ ಯಾವುದಾದರೂ ಕಾರು ಎದುರು ಬಂದರೆ, ಧಪ್ ಧಪ್ ಧಪ್ ಎಂದು ನೆಲ ತುಳಿಯುತ್ತಿತ್ತು.

ಒಂದು ದಿನ ಮಾನ್ವಿಯಲ್ಲಿ ಮೂರನೆಯ ತುಳಿತಕ್ಕೂ ಅದು ನಿಲ್ಲಲಿಲ್ಲ. ಚಹದಂಗಡಿಯ ಬೆಂಚನ್ನು ಸವರಿಕೊಂಡು ಹೋಗಿ ಭತ್ತದ ಚೀಲಗಳ ರಾಶಿಗೆ ಮೂತಿ ಇಟ್ಟಿತು. ಆ ಬೆಂಚಿನ ಮೇಲೆ ಕೂತಿದ್ದವನು ಅದೇ ಕ್ಷಣಕ್ಕೆ ಗ್ಲಾಸು ಇಡಲು ಎದ್ದಿದ್ದ. ಅವನ ಮುಖ ನೋಡಿದವಳೇ ನಾನು ಚಾವಿ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿದೆ. “ಬ್ರೇಕ್ ಮಾಡಿಸೋತನಕ ನಾನೂ ಹತ್ತಂಗಿಲ್ಲ, ನಿಮ್ಮನ್ನೂ ಹತ್ತಾಕ ಬಿಡಂಗಿಲ್ಲ” ಎಂದೆ. ಜನ ನೆರೆದಿದ್ದರು, ನೆರೆಯಲಿ. ನನಗೇನು ನಾಚಿಕೆ?

ಮಾರನೆಯ ದಿನ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ರಾಯಚೂರಿನ ಗ್ಯಾರೇಜಿಗೆ ಒಯ್ದೆವು. ಗ್ಯಾರೇಜಿನ ಮುದುಕ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅವರು ಗಾಲಿಗಳನ್ನು ಕಳಚಿ ನೋಡಿ ತಲೆ ಮೇಲೆ ಕೈ ಹೊತ್ತರು. ಗಾಲಿಯ ಡ್ರಮ್ಮನ್ನು ಒತ್ತಿ ಹಿಡಿಯುವ ಲೈನರ್ ಪಟ್ಟಿ ಸವೆದು, ಅದರ ರಿವಿಟ್ಟೇ ಡ್ರಮ್ಮನ್ನು ಗೀರುತ್ತಿತ್ತು. ಸಿಲಿಂಡರುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎಡಗಡೆಯ ಮುಂದಿನ ಗಾಲಿಗೆ ಬ್ರೇಕ್ ಆಯಿಲ್ ಹೋಗುವ ಪೈಪನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಲಾಗಿತ್ತು.

“ಇದನ್ಯಾರು ಮುಚ್ಚಿದ್ರು?” ಎಂದರು ಉಸ್ತಾದ್.

“ಸೋರಾಕತ್ತಿತ್ತು” ಎಂದರು ನನ್ನ ಗಂಡ, ನನ್ನ ಕಡೆ ನೋಡದೆ.

ಅಯ್ಯೋ ಶಿವನೇ! ಬ್ರೇಕೇ ಇಲ್ಲದ ಆ ಗಾಲಿಯ ಹಿಂದೆಯೇ ಅಲ್ಲವೇ ನನ್ನ ಸೀಟು! ಆ ದಿನ ನನ್ನ ಬಾಯಿಂದ ಏನೇನು ಬಂತೋ ಬರೆಯುವಂತಿಲ್ಲ. ಉಸ್ತಾದ್ ಗಾಡಿಯ ಕೆಳಗೆ ತೂರಿಕೊಂಡವರು ನನ್ನ ಬೈಗುಳ ಮುಗಿಯುವವರೆಗೆ ಹೊರಗೆ ಬರಲಿಲ್ಲ.

ಇಷ್ಟು ಹಳೆಯ ಗಾಡಿಗೆ ಸಾಮಾನು ಸಿಗುವುದೇ ಕಷ್ಟ. ಮಾನ್ವಿಯ ಒಂದು ಮಿಲ್ಲಿನ ಹಿಂದೆ ಜಾಲಿ ಬೆಳೆದು ಮುಚ್ಚಿಹೋಗಿದ್ದ ಇಂಥದೇ ಲಾರಿಯಿಂದ ಡ್ರಮ್ಮುಗಳನ್ನು ಬಿಚ್ಚಿಸಿ ತಂದೆವು. ಉಸ್ತಾದ್ ಅವನ್ನು ಲೇಥಿಗೆ ಹಾಕಿಸಿ ನುಣ್ಣಗೆ ಮಾಡಿಸಿದರು. ಹೊಸ ಲೈನರ್, ಹೊಸ ಪೈಪು, ಹೊಸ ರಬ್ಬರು. ಕೊನೆಗೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವ ದಿನ ನನ್ನ ಗಂಡ ಇನ್ನಷ್ಟು ಆಯಿಲ್ ತರಲು ಬಜಾರಿಗೆ ಹೋಗಿದ್ದರು. ನಾನೇ ಡ್ರೈವರ್ ಸೀಟಿಗೆ ಹತ್ತಿದೆ. ಕೆಳಗಿನಿಂದ ಉಸ್ತಾದರ ದನಿ: “ಒತ್ರಿ ಅಕ್ಕಾ... ಹಿಡೀರಿ... ಹಾಂ, ಬಿಡ್ರಿ.” ಮೊದಮೊದಲು ಪೆಡಲು ಒದ್ದೆ ಅರಳೆಯಂತೆ ಕುಸಿಯುತ್ತಿತ್ತು. ಒತ್ತುತ್ತ ಬಿಡುತ್ತ ಹೋದಂತೆ ಅದು ಗಟ್ಟಿಯಾಗಿ ನನ್ನ ಅಂಗಾಲಿಗೆ ಎದುರು ನಿಂತಿತು. ಎಷ್ಟೋ ವರ್ಷಗಳ ಮೇಲೆ ನನ್ನ ಜೀವ ತಂಪಾಯಿತು.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಬ್ರೇಕಿನ ಕೆಲಸ ಮುಗಿದ ಗಾಡಿಯ ಮುಂದೆ, ಸ್ವಲ್ಪ ದೂರದಲ್ಲಿ ಒಂದು ತೆಂಗಿನಕಾಯಿ ಇಡುತ್ತಾರೆ. ಮಾಲೀಕ ಗಾಡಿ ಓಡಿಸಿಕೊಂಡು ಬಂದು ಕಾಯಿಗೆ ತಾಗದಂತೆ ನಿಲ್ಲಿಸಬೇಕು. ಕಾಯಿ ಉಳಿದರೆ ಅದನ್ನೇ ಒಡೆದು ಎಲ್ಲರಿಗೂ ಹಂಚುತ್ತಾರೆ. ನಾನು ಪಕ್ಕದಲ್ಲಿ ಕೂತೆ. ಇವರು ಬಂದ ವೇಗದಲ್ಲೇ ಕಾಲೆತ್ತಿ ಧಪ್ಪೆಂದು ತುಳಿದರು. ಗಾಡಿ ಕಿರುಚಿ ನಿಂತೇಬಿಟ್ಟಿತು. ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು. ಕಾಯಿ ಇನ್ನೂ ಎಷ್ಟೋ ದೂರದಲ್ಲಿತ್ತು. ನಿಂತ ಗಾಡಿಯಲ್ಲಿ ಇವರ ಕಾಲು ಇನ್ನೆರಡು ಸಲ ತುಳಿಯಿತು.

ಎಲ್ಲರೂ ಹೋ ಎಂದರು. ಉಸ್ತಾದ್ ಮಾತ್ರ ನಗಲಿಲ್ಲ. “ಯಜಮಾನ್ರ, ಹಳೇ ಕಾಲು ಮರೀರಿ. ಇನ್ನ ಒಂದ ಸಲ, ಮೆತ್ತಗ. ಮಾಲ್ ಹೇರಿದಾಗ ಹಿಂಗ ತುಳದ್ರ ಗಾಡಿ ನಿಲ್ತದ, ಮಾಲ್ ನಿಲ್ಲಂಗಿಲ್ಲ.”

“ಕಲೀತೀನಿ ಬಿಡ್ರಿ” ಎಂದು ಇವರು ಕಾಯಿ ಚೂರು ಬಾಯಿಗೆ ಹಾಕಿಕೊಂಡರು.

ಅಲ್ಲಿಂದ ನನಗೆ ಹೊಸ ಹೆದರಿಕೆ ಶುರುವಾಯಿತು. ಮೊದಲು ರಸ್ತೆ ನೋಡುತ್ತ ಕೂರುತ್ತಿದ್ದವಳು ಈಗ ಇವರ ಬಲಗಾಲನ್ನೇ ನೋಡುತ್ತ ಕೂತೆ. ದೇವದುರ್ಗಕ್ಕೆ ಮೊದಲ ಬಾಡಿಗೆಯೇ ಕಬ್ಬಿಣದ ಸಳಿ, ಮನೆ ಕಟ್ಟುವವರ ಉದ್ದುದ್ದ ಸರಳು. ನಮ್ಮ ಬೆನ್ನಿನ ಹಿಂದೆ ಒಂದು ಹಳೆಯ ಹಲಗೆ, ಅದರ ಹಿಂದೆ ಆ ಸಳಿಗಳ ಮೊನೆಗಳು. ಹಗ್ಗ ಬಿಗಿದಿದ್ದರು ನಿಜ. ಆದರೂ ತಗ್ಗು ಬಂದಾಗಲೆಲ್ಲ ಅವು ಒಂದಕ್ಕೊಂದು ತಾಗಿ ಝಣ್ ಎನ್ನುತ್ತಿದ್ದವು, ನಾನು ಸೀಟಿನ ತುದಿಗೆ ಸರಿಯುತ್ತಿದ್ದೆ.

“ಮೆತ್ತಗ ರೀ.”

“ಆತು.”

“ಒಂದ ಸಲ.”

“ಆತಂದ್ನೆಲ್ಲ! ನೀ ಸುಮ್ನ ಕುಂದ್ರು, ಹೆದರುಪುಕ್ಲಿ.”

ದೇವದುರ್ಗ ಇನ್ನೇನು ಬಂತು ಅನ್ನುವಾಗ ಇಳಿಜಾರಿನ ಕೆಳಗೆ ಒಂದು ಬಸ್ಸು ನಿಂತಿತ್ತು. ಅದರ ಮುಂದಿನಿಂದ ತಲೆ ಮೇಲೆ ಗಂಟು ಹೊತ್ತ ಒಬ್ಬ ಮುದುಕಿ ರಸ್ತೆಗೆ ಬಂದಳು. ಈ ಕಡೆ ತಿರುಗಿ ನೋಡಲೂ ಇಲ್ಲ. ಇವರ ಮೊಣಕಾಲು ಮೇಲೇಳುವುದು ನನಗೆ ಕಂಡಿತು. ಬ್ಯಾಡ ಎಂದು ಕೂಗಬೇಕೆಂದು ಬಾಯಿ ತೆರೆದೆ. ಧಪ್.

ಗಾಡಿ ನಿಂತಿತು. ಸಳಿಗಳು ನಿಲ್ಲಲಿಲ್ಲ. ಹಗ್ಗ ಹರಿದ ಸದ್ದು, ಹಲಗೆ ಸೀಳಿದ ಸದ್ದು, ಆಮೇಲೆ ನಮ್ಮಿಬ್ಬರ ಭುಜಗಳ ನಡುವಿನಿಂದ ಸಳಿಗಳ ಕಟ್ಟೊಂದು ಮುಂದಕ್ಕೆ ತೂರಿ ಬಂದು ಗಾಜನ್ನು ಒಡೆದುಕೊಂಡು ಹೊರಗೆ ಚಾಚಿತು. ನನ್ನ ಸೀರೆಯ ಸೆರಗು ಅದಕ್ಕೆ ಸಿಕ್ಕಿ ಹರಿದಿತ್ತು. ಸತ್ತೆನೋ ಬದುಕಿದೆನೋ ತಿಳಿಯಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಇವರತ್ತ ತಿರುಗಿದೆ. ಇವರೂ ಉಸಿರಾಡುತ್ತಿದ್ದರು.

ಮುದುಕಿ ರಸ್ತೆಯ ನಡುವೆ ಗಂಟು ಹಿಡಿದುಕೊಂಡು ನಿಂತಿದ್ದಳು. ಅವಳಿಗೂ ನಮ್ಮ ಗಾಡಿಗೂ ನಡುವೆ ಇನ್ನೊಂದು ಲಾರಿ ನಿಲ್ಲಿಸುವಷ್ಟು ಜಾಗವಿತ್ತು. ಅವಳು ಬಾಯಿ ತೆರೆದು ಬೈದಳು. “ಏನಲೇ ಮೂಳ, ಗಾಡಿಗೆ ಬ್ರೇಕ್ ಇಲ್ಲೇನು?”

ನನಗೆ ನಗು ಬಂತು. ನಗುತ್ತ ನಗುತ್ತ ಅದು ಅಳುವಾಯಿತು, ತಡೆಯಲಾಗಲಿಲ್ಲ. ಇವರು ಮಾತ್ರ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದರು. ಕಾಲು ಇನ್ನೂ ಪೆಡಲಿನ ಮೇಲೇ ಇತ್ತು.

“ಹ್ಯಾಂಡ್ ಬ್ರೇಕ್ ಹಾಕಿ ಕಾಲು ತಗೀರಿ” ಎಂದೆ.

“ಹಾಕೀನಿ. ಕಾಲು ಬರವಲ್ದು.”

ನಾನು ಸಳಿಗಳ ಕೆಳಗೆ ಬಗ್ಗಿ, ಎರಡೂ ಕೈಯಿಂದ ಇವರ ಕಾಲು ಹಿಡಿದು ಎತ್ತಿ ಪಕ್ಕಕ್ಕಿಟ್ಟೆ. ಆಗ ಇವರು ಮೆಲ್ಲಗೆ ಹೇಳಿದರು. “ನನಗ ಭಾಳ ಅಂಜಿಕಿ ಅದ.”

“ಆಗಲಾರದೇನು? ಇಂಥಾದು ಆದಮ್ಯಾಲ?”

“ಈಗಿಂದಲ್ಲ. ಅಪ್ಪ ಚಾವಿ ಕೊಟ್ಟಾಗಿಂದ.”

“ಮತ್ತ ನನ್ನ ನೋಡಿ ಯಾಕ ನಗ್ತಿದ್ರಿ, ಇಷ್ಟು ವರ್ಷ?”

ಇವರು ಒಡೆದ ಗಾಜಿನ ಕಡೆ ನೋಡಿದರು. “ನನ್ನ ಪಾಲಿಂದೂ ನೀನ ಹೆದರ್ತಿದ್ದಿ. ಅದಕ್ಕ ನನಗ ಗಾಡಿ ಹೊಡ್ಯಾಕ ಬರ್ತಿತ್ತು.”

ಕೆನ್ನೆಗೆ ಬಾರಿಸಿಬಿಡಬೇಕು ಅನ್ನುವಷ್ಟು ಸಿಟ್ಟು ಬಂತು. ಕೈಯನ್ನೂ ಎತ್ತಿದೆ. ಅದೇ ಕೈಯಿಂದ ಬಾಗಿಲು ತೆಗೆದು, ಸುತ್ತು ಹಾಕಿ ಹೋಗಿ ಇವರನ್ನು ಕೆಳಗಿಳಿಸಿಕೊಂಡೆ. ಅವತ್ತು ನಾವು ಒಬ್ಬರಿಗೊಬ್ಬರು ಧೈರ್ಯ ಹೇಳಲಿಲ್ಲ. ಇಬ್ಬರೂ ರಸ್ತೆಯಂಚಿಗೆ ಕೂತು, ನಡುಕ ನಿಲ್ಲುವ ತನಕ ಹಾಗೇ ಇದ್ದೆವು.