ಕೊನೆಯ ಕುರ್ಚಿಯ ಹಾಸ್ಯಗಾರ

ಹೊಸ ಶತಮಾನದ ಮೊದಲ ವರ್ಷಗಳು. ಸಿಡ್ನಿಯ ಎಪ್ಪಿಂಗ್‌ನಲ್ಲಿ ಮಗನ ಮನೆಯಲ್ಲಿದ್ದೆ. ಹಾಸ್ಟೆಲಿನ ಗಂಟೆಗೆ ಎದ್ದು, ಉಂಡು ಬೆಳೆದವನಾದ್ದರಿಂದ ಅಲ್ಲೂ ನನ್ನ ಊಟ ಏಳಕ್ಕೆ ಮುಗಿಯುತ್ತಿತ್ತು. ಶುಕ್ರವಾರ ಏಳೂವರೆಗೆ, ಅದೇ ಮನೆಯಲ್ಲಿದ್ದ ಮಗಳೂ ನಾನೂ ಟೀವಿಯ ಮುಂದೆ ಕೂರುತ್ತಿದ್ದೆವು. ಬ್ರಿಟನ್ನಿನ ಒಂದು ಕಾರ್ಯಕ್ರಮ ಬರುತ್ತಿತ್ತು. ಎರಡು ತಂಡ, ನಡುವೆ ಒಬ್ಬ ನಿರೂಪಕ. ಕ್ವಿಜ್ ಎಂಬುದು ಬರೀ ನೆಪ, ಬಂದವರೆಲ್ಲ ಹಾಸ್ಯಗಾರರು. ನಿರೂಪಕ ಮನಸ್ಸಿಗೆ ಬಂದಂತೆ ಅಂಕ ಕೊಡುತ್ತಿದ್ದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೆ ಅದು ಸಹಿಸಲಾಗಲಿಲ್ಲ. ನೋಟ್‌ಬುಕ್ ತಂದು ನಾನೇ ಅಂಕ ಹಾಕತೊಡಗಿದೆ. ಸರಿ ಉತ್ತರಕ್ಕೆ ಎರಡು, ಒಳ್ಳೆಯ ತಮಾಷೆಗೆ ಒಂದು, ಅಸಭ್ಯ ಮಾತಿಗೆ ಒಂದು ಕಡಿತ.

"ಅಪ್ಪ, ಆ ರೂಲ್ ಹಾಕಿದ್ರೆ ಎಲ್ರೂ ಮೈನಸ್‌ನಲ್ಲೇ ಇರ್ತಾರೆ" ಎಂದು ಮಗಳು ನಗುತ್ತಿದ್ದಳು. ಹಾಗೇ ಆಗುತ್ತಿತ್ತು.

ನೋಟ್‌ಬುಕ್ಕಿನ ಹಿಂಬದಿಯಲ್ಲಿ ಅವರವರ ಏಳಿಗೆಯನ್ನೂ ಬರೆದಿಡುತ್ತಿದ್ದೆ. ಮೊದಲ ಸಲ ಅತಿಥಿಯಾಗಿ ಬಂದವನು ಬಾಯಿ ಬಿಡಲು ಹೆದರುವನು. ನಾಲ್ಕಾರು ಸಲ ಕರೆ ಬಂದರೆ ನಿರೂಪಕನಿಗೇ ಎದುರುತ್ತರ ಕೊಡುವನು. ಆಮೇಲೆ ತಂಡದ ನಾಯಕ. ಅದಾದ ಮೇಲೆ ಬೇರೆಲ್ಲೋ ತನ್ನದೇ ಕಾರ್ಯಕ್ರಮ ಸಿಕ್ಕಿ ಹೊರಟುಹೋಗುವನು. ಒಬ್ಬ ಮಾತ್ರ ವರ್ಷಗಟ್ಟಲೆ ಎಡಗಡೆಯ ಕೊನೆಯ ಕುರ್ಚಿಯಲ್ಲೇ ಉಳಿದಿದ್ದ. ಪಕ್ಕದವನು ಮುಗಿಸುವವರೆಗೆ ಕಾಯುವ ಸ್ವಭಾವ. ಕಾದು ಕಾದು ಅವನ ಸರದಿಯೇ ತಪ್ಪುತ್ತಿತ್ತು. ನಮ್ಮಿಬ್ಬರಿಗೂ ಅವನೇ ಇಷ್ಟ. ನನ್ನ ಪುಸ್ತಕದಲ್ಲಿ ಸೊನ್ನೆಗಿಂತ ಕೆಳಗಿಳಿಯದವನು ಅವನೊಬ್ಬನೇ.

ಮಗಳಿಗೆ ಮೆಲ್ಬರ್ನ್‌ನ ಬಂದರಿನ ಬದಿಯ ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ಹೊರಡುವ ದಿನ ನಾನು ಬೇರೇನೂ ಕೇಳಲಿಲ್ಲ. ಶುಕ್ರವಾರ ತಪ್ಪಬಾರದು ಎಂದೆ. ಅಂದಿನಿಂದ ಏಳೂವರೆಗೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ, ಟೀಪಾಯಿಯ ಮೇಲೆ ಇಡುತ್ತಿದ್ದೆ. ಅಲ್ಲಿ ಅವಳು ನೋಡುವಳು, ಇಲ್ಲಿ ನಾನು. ನಾನು ನಕ್ಕರೆ ಅವಳೂ ನಗುವಳು. ಅಂಕ ಓದಿದರೆ "ಕರೆಕ್ಟ್ ಅಪ್ಪ" ಎನ್ನುವಳು. ಉಳಿದ ಆರು ದಿನಗಳನ್ನು ಆ ಅರ್ಧ ಗಂಟೆಗಾಗಿ ಎಣಿಸುತ್ತಿದ್ದೆ. ಮನೆಯಲ್ಲಿ ಯಾರಿಗೂ ಅದನ್ನು ಹೇಳಿದವನಲ್ಲ.

ಹೀಗೆ ಒಂದು ವರ್ಷವಾಯಿತು. ಆ ಕೊನೆಯ ಕುರ್ಚಿಯವನು ಮೆಲ್ಬರ್ನ್‌ಗೆ ಒಬ್ಬನೇ ಪ್ರದರ್ಶನ ಕೊಡಲು ಬಂದ. ಮಗಳು ಟಿಕೆಟ್ ಬುಕ್ ಮಾಡಿ ನನ್ನನ್ನು ಕರೆಸಿಕೊಂಡಳು. ಶನಿವಾರ ಮಧ್ಯಾಹ್ನ, ಚಿಕ್ಕ ಸಭಾಂಗಣ, ಅರ್ಧ ಖಾಲಿ. ಅಡ್ಡಬಾಯಿ ಹಾಕುವವರಿಲ್ಲದೆ ಅವನು ಒಂದು ಗಂಟೆ ಸೊಗಸಾಗಿ ಮಾತಾಡಿದ. ಆದರೆ ಪ್ರತಿ ತಮಾಷೆ ಮುಗಿದೊಡನೆ ಅವನ ಕತ್ತು ತಾನಾಗಿ ಪಕ್ಕಕ್ಕೆ ತಿರುಗುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ನಾನು ನಗುವುದನ್ನು ಬಿಟ್ಟು ಅದನ್ನೇ ನೋಡುತ್ತ ಕೂತೆ.

ಅಲ್ಲಿಂದ ಟ್ರಾಮ್ ಹತ್ತಿ ಅವಳ ಮನೆಗೆ ಹೋದೆವು. ನಾನು ಆ ಮನೆ ನೋಡಿದ್ದು ಅದೇ ಮೊದಲು. ಒಂದು ಸೋಫಾ, ಪುಸ್ತಕದ ಕಪಾಟು, ಕಿಟಕಿಯಾಚೆ ನೀರು.

"ಟೀವಿ ಎಲ್ಲಮ್ಮ?"

ಹಾಲು ಕಾಯಿಸುತ್ತಿದ್ದವಳು ಈ ಕಡೆ ತಿರುಗಲಿಲ್ಲ. "ತಗೊಂಡೇ ಇಲ್ಲಪ್ಪ."

"ಮತ್ತೆ ಇಷ್ಟು ದಿನ?"

"ನೀವು ನಗ್ತಿದ್ರಲ್ಲ, ಅದು ಕೇಳ್ತಿತ್ತು. ಸಿಡ್ನಿಲಿದ್ದಾಗಲೂ ನಾನು ಅವರನ್ನ ನೋಡಿದ್ದು ಕಮ್ಮಿ. ಮಾರ್ಕ್ಸ್ ಕಟ್ ಮಾಡುವಾಗ ನಿಮ್ಮ ಮುಖ ನೋಡ್ಬೇಕು, ಅದರ ಮುಂದೆ ಅವರೆಲ್ಲ ಏನೂ ಅಲ್ಲ."

ನನಗೆ ಸಿಟ್ಟು ಬಂದಿತ್ತು. ಕಾಫಿ ಕುಡಿದು ಲೋಟ ತೊಳೆದಿಟ್ಟೆ. ಮರುದಿನ ಹೊರಡುವವರೆಗೂ ಅದರ ಮಾತೆತ್ತಲಿಲ್ಲ.

ಮುಂದಿನ ಶುಕ್ರವಾರ ಟೀವಿ ಹಾಕದೆ ಫೋನ್ ಮಾಡಿದೆ. ಊಟವಾಯಿತೇ, ಅಲ್ಲಿ ಚಳಿ ಹೇಗಿದೆ, ಕೆಲಸ ಹೇಗೆ ನಡೆದಿದೆ ಎಂದು ಕೇಳಿದೆ. ಎಲ್ಲಕ್ಕೂ ಉತ್ತರ ಬಂತು. ಗಡಿಯಾರ ನೋಡಿದರೆ ಐದೇ ನಿಮಿಷ ಕಳೆದಿತ್ತು. ಮಗಳ ಜೊತೆ ಮಾತಾಡುವುದು ನನಗೆ ಗೊತ್ತೇ ಇರಲಿಲ್ಲ.

"ಅಪ್ಪ, ಟೀವಿ ಹಾಕಿ. ಏನ್ ನಡೀತಿದೆ ಹೇಳಿ."

ಹಾಕಿದೆ. ಅವರು ಆಡಿದ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳಹೊರಟೆ. ಒಂದನ್ನು ಹೇಳುವಷ್ಟರಲ್ಲಿ ಮೂರು ತಮಾಷೆ ಕೈತಪ್ಪಿ ಹೋಗುತ್ತಿದ್ದವು. ಹೇಳಿದ ಮೇಲೆ ಅವು ಅಷ್ಟೇನೂ ನಗು ಬರಿಸುವಂಥವಲ್ಲ ಎಂದು ನನಗೇ ಅನ್ನಿಸುತ್ತಿತ್ತು. ಅವಳು ಮಾತ್ರ ಆಮೇಲೆ, ಆಮೇಲೆ ಎಂದು ಕೇಳುತ್ತಲೇ ಇದ್ದಳು.