ಜುಲೈಕಕ್ಕ ಗುರುತು ಹಿಡಿದ ಅಕ್ಷರ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತೋಡಾರಿನ ರಸ್ತೆಬದಿಯ ಖಾಲಿ ಜಾಗದಲ್ಲಿ ಬಸ್ಸೊಂದು ಇಬ್ಬನಿಯಲ್ಲಿ ತೊಯ್ದು ನಿಂತಿದೆ. ಮರದ ಸ್ಟೂಲು ಹತ್ತಿದ ಶೀನಪ್ಪ ಹೆಗಲ ಮೇಲಿನ ಬೈರಾಸಿನಿಂದ ಬಸ್ಸಿನ ನೆತ್ತಿಯ ಬಿಳಿ ತಗಡನ್ನು ಒರೆಸುತ್ತಿದ್ದಾರೆ. ಇದ್ದಿಲ ಪುಡಿ ಸವರಿದ ನೂಲಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಡ್ರೈವರ್ ಹಾರಿಸ್ ಕೈಯಲ್ಲಿ. ನೂಲನ್ನು ನಡುವೆ ಎಳೆದು ಬಿಟ್ಟಾಗ ತಗಡಿನ ಮೇಲೆ ಕಪ್ಪು ಗೆರೆ ಬೀಳುತ್ತದೆ. ಆ ಗೆರೆಯ ಮೇಲೆ ಊರಿನ ಹೆಸರು ಕೂರಬೇಕು.

ಬಸ್ಸು ಹೊರಡುವುದು ಮಧ್ಯಾಹ್ನದ ಟ್ರಿಪ್ಪಿಗೆ. ಅಷ್ಟರಲ್ಲಿ ಬಣ್ಣ ಒಣಗಬೇಕು. ರಸ್ತೆಯಲ್ಲಿ ಲಾರಿಗಳ ಓಡಾಟ ಶುರುವಾಗಿ ಧೂಳು ಏಳುವ ಮೊದಲೇ ಬರೆದು ಮುಗಿಯಬೇಕು. ಹಾಗಾಗಿ ಶೀನಪ್ಪ ಕೋಳಿ ಕೂಗುವ ಹೊತ್ತಿಗೆ ಮನೆ ಬಿಟ್ಟಿದ್ದಾರೆ.

"ಸ್ವಲ್ಪ ಬೇಗ ಆಗಲಿ ಶೀನಣ್ಣ," ಎನ್ನುತ್ತಾರೆ ಹಾರಿಸ್.

"ಅವಸರ ಮಾಡಿದ್ರೆ ಅಕ್ಷರ ಸೊಟ್ಟ ಆಗ್ತದೆ ಮಾರಾಯ. ಮತ್ತೆ ನೀನು ಎಷ್ಟು ನೇರ ಓಡಿಸಿದ್ರೂ ಜನ ಬಸ್ಸೇ ಸೊಟ್ಟ ಅಂತಾರೆ."

ನೀಲಿ ಬಣ್ಣದಲ್ಲಿ ಅದ್ದಿದ ಬ್ರಷ್ ತಗಡನ್ನು ಮುಟ್ಟುತ್ತದೆ. 'ನಾ' ಮೂಡುತ್ತದೆ, ಪಕ್ಕದಲ್ಲಿ 'ರಾ', ಆಮೇಲೆ 'ವಿ'. ಒಂದೊಂದು ಅಕ್ಷರದ ಅಡಿಗೂ ಹಳದಿಯ ತೆಳುವಾದ ನೆರಳು. ಕೆಳಗಿನ ಮೂಲೆಯಲ್ಲಿ, ಹುಡುಕಿದವರಿಗಷ್ಟೇ ಕಾಣುವಂತೆ, 'ಶೀನ ಆರ್ಟ್ಸ್, ತೋಡಾರು' ಎಂಬ ಗುರುತು ಮತ್ತು ಒಂದು ಮೊಬೈಲ್ ನಂಬರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಖಾಸಗಿ ಬಸ್ಸುಗಳ ಹಣೆಬರಹವನ್ನು ಶೀನಪ್ಪ ಮೀಸೆ ಮೂಡುವ ಮೊದಲಿನಿಂದಲೂ ಬರೆಯುತ್ತ ಬಂದವರು. ಈಗ ಅವರಿಗೆ ಅರುವತ್ತು ದಾಟಿದೆ. ಕಲಿತದ್ದು ಮಂಗಳೂರಿನಲ್ಲಿ, ಸಿನಿಮಾ ಮಂದಿರಗಳಿಗೆ ಬ್ಯಾನರು ಬರೆಯುತ್ತಿದ್ದ ಪೇಂಟರೊಬ್ಬರ ಕೈಕೆಳಗೆ. "ಅವರು ನನಗೆ ಮುಖ ಬರೆಯಲಿಕ್ಕೆ ಕೊಡಲಿಲ್ಲ. ನಿನ್ನ ಕೈಯಲ್ಲಿ ಹೀರೋ ಕೂಡ ವಿಲನ್ ಆಗ್ತಾನೆ, ನೀನು ಅಕ್ಷರ ಬರಿ ಅಂದ್ರು," ಎಂದು ಶೀನಪ್ಪ ನಗುತ್ತಾರೆ.

ಆ ಅಕ್ಷರಗಳ ಜೊತೆಗೇ ಈ ಸೀಮೆ ಬದಲಾದದ್ದನ್ನೂ ಅವರು ಕಂಡಿದ್ದಾರೆ. ಹೆಂಚಿನ ಕಾರ್ಖಾನೆ ಮುಚ್ಚಿದಾಗ ಬೋರ್ಡಿನಿಂದ ಆ ಸ್ಟಾಪಿನ ಹೆಸರು ಅಳಿಸಿದವರು ಅವರೇ. ಗುಡ್ಡದ ಮೇಲೆ ಕಾಲೇಜು ಬಂದಾಗ 'ಕಾಲೇಜು ಮಾರ್ಗ' ಎಂದು ಸೇರಿಸಿದವರೂ ಅವರೇ. ಮಂಗಳೂರು ಪೇಟೆ ವರ್ಷದಿಂದ ವರ್ಷಕ್ಕೆ ಕೈಕಾಲು ಚಾಚುತ್ತ ತೋಡಾರಿನ ಬಾಗಿಲಿಗೇ ಬಂದಿದೆ. "ಮೊದಲು ಬೀಡಿ ಕಟ್ಟು ಹಿಡಿದುಕೊಂಡು ಹೆಂಗಸರು ಬಸ್ಸು ಹತ್ತುತ್ತಿದ್ರು. ಈಗ ಲ್ಯಾಪ್‌ಟಾಪ್ ಬ್ಯಾಗಿನ ಮಕ್ಕಳು. ಸೀಟು ಹಿಡಿಯಲಿಕ್ಕೆ ಓಡುವುದು ಮಾತ್ರ ಹಾಗೆಯೇ ಉಂಟು."

ಕೆಲಸಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಸ್ಟಿಕ್ಕರು. ಆಮೇಲೆ ಕೆಂಪು ದೀಪದಲ್ಲಿ ಅಕ್ಷರ ಓಡುವ ಬೋರ್ಡು ಬಂತು. ಬಸ್ಸಿನ ಯಜಮಾನರು ಒಬ್ಬೊಬ್ಬರಾಗಿ ಆ ಕಡೆ ವಾಲಿದರು. ಅದೇ ಹೊತ್ತಿಗೆ ಶೀನಪ್ಪನವರ ಎರಡೂ ಕಣ್ಣಿಗೆ ಪೊರೆ ಬಂತು. ಎಳೆದ ಗೆರೆ ತಮಗೇ ಎರಡಾಗಿ ಕಾಣತೊಡಗಿದಾಗ ಅವರು ಬ್ರಷ್ ತೊಳೆದು ಅಟ್ಟಕ್ಕೆ ಹಾಕಿದರು. ಆಪರೇಷನ್ ಎಂದರೆ ಭಯ. ಹೆಂಡತಿ ಕುಸುಮ ಹೇಳಿ ಹೇಳಿ ಸೋತರು. "ಈಗ ಮಂಜಾದ್ರೂ ಕಾಣ್ತದೆ. ಕತ್ತಿ ಹಾಕಿಸಿ ಅದೂ ಹೋದ್ರೆ?" ಎಂಬುದೇ ಅವರ ಉತ್ತರವಾಗಿತ್ತು.

ಹೀಗೆ ವರ್ಷವೊಂದು ಕಳೆಯಿತು. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನೆರೆಮನೆಯ ಜುಲೈಕಾ ನಾರಾವಿಗೆ ಹೊರಟರು. ಅಲ್ಲಿಗೆ ಮದುವೆ ಮಾಡಿಕೊಟ್ಟ ಮಗಳು ರಾಫಿಯಾಗೆ ಡೆಂಗ್ಯೂ ಜ್ವರ. ಸುದ್ದಿ ಕೇಳಿದ ತಾಯಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ಗಡಿಬಿಡಿಯಲ್ಲಿ ಮೊಬೈಲು ಮನೆಯಲ್ಲಿ ಚಾರ್ಜಿಗಿಟ್ಟಲ್ಲೇ ಉಳಿಯಿತು. ಜುಲೈಕಾರಿಗೆ ಓದಲು ಬರುವುದಿಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನಾರಾವಿ ಬಸ್ಸು ಯಾವಾಗಲೂ ನಿಲ್ಲುವ ಜಾಗದಲ್ಲೇ ಒಂದು ಬಸ್ಸು ನಿಂತಿತ್ತು. ನೆತ್ತಿಯಲ್ಲಿ ಕೆಂಪು ಅಕ್ಷರಗಳು ಓಡುತ್ತಿದ್ದವು, ಒಂದರ ಆಕಾರವೂ ಕಣ್ಣಿಗೆ ನಿಲ್ಲಲಿಲ್ಲ. ಅದೇ ಇರಬೇಕೆಂದು ಹತ್ತಿ, ಕಿಟಕಿಗೆ ತಲೆಯಾನಿಸಿ ಕುಳಿತರು. ಕುಳಿತಲ್ಲೇ ನಿದ್ದೆ ಹತ್ತಿತು. ಬಸ್ಸಿನ ತುಂಬ ಶಾಲಾ ಮಕ್ಕಳು. ಟಿಕೆಟ್ ಆಗಿರಬೇಕೆಂದುಕೊಂಡ ಕಂಡಕ್ಟರು ಅವರನ್ನು ಎಬ್ಬಿಸಲಿಲ್ಲ.

ಕಣ್ಣು ಬಿಟ್ಟಾಗ ಬಸ್ಸು ಸೇತುವೆಯ ಮೇಲಿತ್ತು. ಕೆಳಗೆ ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. "ನಾರಾವಿ ದಾರಿಯಲ್ಲಿ ಅಷ್ಟು ದೊಡ್ಡ ಹೊಳೆ ಎಲ್ಲಿ ಉಂಟು?" ಎಂದು ಜುಲೈಕಾ ನೆನೆಯುತ್ತಾರೆ. ಅವರು ಹತ್ತಿದ್ದು ಸಿದ್ಧಕಟ್ಟೆ, ಬಂಟ್ವಾಳದ ಮೇಲೆ ಕಲ್ಲಡ್ಕಕ್ಕೆ ಹೋಗುವ ಬಸ್ಸು. ನಾರಾವಿ ಇರುವುದು ಪೂರ್ತಿ ಬೇರೆ ದಿಕ್ಕಿನಲ್ಲಿ.

ಕಲ್ಲಡ್ಕದಲ್ಲಿ ಇಳಿದರು. ಮಳೆ ಜೋರಾಗಿತ್ತು. ದಾರಿ ಕೇಳಿದರೆ ಒಬ್ಬರು ವಾಪಸು ಬಿ.ಸಿ.ರೋಡಿಗೆ ಹೋಗಿ ಎಂದರು, ಇನ್ನೊಬ್ಬರು ಬೆಳ್ತಂಗಡಿ ಬಸ್ಸು ಹಿಡಿಯಿರಿ ಎಂದರು. ಅಂಗಡಿಯವರೊಬ್ಬರು ಫೋನು ಕೊಡಲು ಮುಂದಾದರು. ಆದರೆ ಒಂದು ನಂಬರೂ ಬಾಯಿಗೆ ಬರಲಿಲ್ಲ. ಅತ್ತ ನಾರಾವಿಯಲ್ಲಿ ಜ್ವರದಲ್ಲೇ ಎದ್ದು ಕುಳಿತ ರಾಫಿಯಾ ತಾಯಿಗೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದಳು. ಬೀಗ ಹಾಕಿದ ಮನೆಯೊಳಗೆ ಅದು ಸುಮ್ಮನೆ ರಿಂಗಾಗುತ್ತಿತ್ತು. ದುಬಾಯಿಯಲ್ಲಿದ್ದ ಮಗ ಸುಹೈಬ್‌ಗೂ ಸುದ್ದಿ ಹೋಯಿತು.

ಮಳೆ ಸ್ವಲ್ಪ ಹೊಳವಾದಾಗ ಜುಲೈಕಾ ನಿಂತಿದ್ದ ಬಸ್ಸುಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ಕೊನೆಯಲ್ಲೊಂದು ಹಳೆಯ ಬಸ್ಸು. ನೀಲಿ ಅಕ್ಷರ, ಅಡಿಯಲ್ಲಿ ಹಳದಿ ನೆರಳು. ಶೀನಪ್ಪನವರ ಅಂಗಳದಲ್ಲಿ ಎಷ್ಟೋ ಮಧ್ಯಾಹ್ನ ಒಣಗಲು ಇಟ್ಟ ಬೋರ್ಡುಗಳಲ್ಲಿ ಬೇಲಿಯಾಚೆಯಿಂದ ನೋಡಿದ ಬರಹ.

"ಇದನ್ನು ಬರೆದವರು ನಮ್ಮ ನೆರೆಮನೆಯವರು," ಎಂದರು ಅವರು, ಬಾಗಿಲಲ್ಲಿ ನಿಂತಿದ್ದ ಕಂಡಕ್ಟರಿಗೆ.

"ಯಾರು ಉಮ್ಮ?"

"ಶೀನಣ್ಣ. ತೋಡಾರಿನ ಶೀನಣ್ಣ."

ಕಂಡಕ್ಟರು ಕೆಳಗಿಳಿದು, ಮುಂದಿನ ಬಂಪರು ಹತ್ತಿ, ಬೋರ್ಡಿನ ಮೂಲೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಕೆಸರು ಸರಿದು ನಂಬರು ಕಾಣಿಸಿತು.

ತೋಡಾರಿನಲ್ಲಿ ಫೋನು ಎತ್ತಿದ ಶೀನಪ್ಪ ಮೊದಲು ರಾಫಿಯಾಗೆ ಸುದ್ದಿ ಮುಟ್ಟಿಸಲು ಕುಸುಮರಿಗೆ ಹೇಳಿದರು. ಆಮೇಲೆ ಕೊಡೆ ಹಿಡಿದು, ತಮ್ಮ ಕಣ್ಣಿನ ಅವಸ್ಥೆಯನ್ನೂ ಮರೆತು, ಬಸ್ಸು ಹತ್ತಿದರು. ಕಲ್ಲಡ್ಕದ ಹೋಟೆಲಿನಲ್ಲಿ ಕಂಡಕ್ಟರು ಕೊಡಿಸಿದ ಚಹಾದ ಮುಂದೆ ಜುಲೈಕಾ ಕುಳಿತಿದ್ದರು. ಶೀನಪ್ಪನವರನ್ನು ಕಂಡದ್ದೇ ತಡ, ಅಷ್ಟು ಹೊತ್ತು ತಡೆದಿದ್ದ ಅಳು ಉಕ್ಕಿತು. "ಅಳಬೇಡಿ ಜುಲೈಕಕ್ಕ. ರಾಫಿಯಾ ಹತ್ರ ಕುಸುಮ ಮಾತಾಡಿದ್ದಾಳೆ. ಜ್ವರ ಇಳಿದಿದೆಯಂತೆ. ನಡೀರಿ, ಒಟ್ಟಿಗೆ ನಾರಾವಿಗೇ ಹೋಗುವ," ಎಂದರು.

ಮೂಡುಬಿದಿರೆಗೆ ವಾಪಸು ಬಂದಾಗ ನಾರಾವಿಯ ಬಸ್ಸು ಯಾವುದೆಂದು ಹುಡುಕಬೇಕಾಯಿತು. ಶೀನಪ್ಪನವರ ಕಣ್ಣಿಗೆ ಎಲ್ಲವೂ ಮಂಜು. "ನೀಲಿ ಎಲ್ಲಿ ಉಂಟು ಹೇಳಿ," ಎಂದು ಅವರು ಕೇಳಿದರು. ಜುಲೈಕಾ ಹುಡುಕಿ ತೋರಿಸಿದರು. "ಮೊದಲ ಅಕ್ಷರದ ಆಕಾರ ಹೇಗೆ?" ಎಂದರೆ ಜುಲೈಕಾ ಗಾಳಿಯಲ್ಲಿ ಬೆರಳಾಡಿಸಿದರು. ಅದು 'ನಾ'.

"ಅವರಿಗೆ ಓದಲಿಕ್ಕೆ ಬರುವುದಿಲ್ಲ, ನನಗೆ ಕಾಣುವುದಿಲ್ಲ. ಇಬ್ಬರೂ ಸೇರಿ ಒಂದು ಬೋರ್ಡು ಓದಿದೆವು," ಎನ್ನುತ್ತಾರೆ ಶೀನಪ್ಪ. ಆ ಸಂಜೆ ಮಗಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಜುಲೈಕಾರನ್ನು ಬಾಗಿಲಿನಿಂದಲೇ ನೋಡಿ, ಅವರು ಮನೆಗೆ ಮರಳಿದರು. ಚಪ್ಪಲಿ ಬಿಡುವ ಮೊದಲೇ ಕುಸುಮರಿಗೆ ಹೇಳಿದರು, "ಆಸ್ಪತ್ರೆಗೆ ಹೋಗುವ. ನಾಳೆಯೇ ಕೇಳಿ ಬರುವ."

ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಪಟ್ಟಿ ಬಿಚ್ಚಿದ ದಿನ ಕುಸುಮ ಎದುರಿಗೇ ಕುಳಿತಿದ್ದರು. "ಏನು ಕಾಣ್ತದೆ?" ಎಂದು ಕೇಳಿದ್ದಕ್ಕೆ ಶೀನಪ್ಪ, "ನಿನ್ನ ತಲೆ ಇಷ್ಟು ಬೆಳ್ಳಗಾದದ್ದು ಯಾವಾಗ?" ಎಂದರಂತೆ. ಅದನ್ನು ಹೇಳುವಾಗ ಕುಸುಮ ಈಗಲೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. "ಬೈದದ್ದೋ ಹೊಗಳಿದ್ದೋ ಗೊತ್ತಾಗಲಿಲ್ಲ. ನನಗೆ ಮಾತ್ರ ದೊಡ್ಡ ಭಾರ ಇಳಿದ ಹಾಗೆ ಆಯ್ತು."

ಜುಲೈಕಾ ದಾರಿ ತಪ್ಪಿದ ಕತೆ ಅಷ್ಟರಲ್ಲಿ ಬಸ್ಸಿನವರ ಬಾಯಲ್ಲಿ ಊರೂರು ತಿರುಗಿತ್ತು. ಕೆಲವು ಯಜಮಾನರು ಓಡುವ ಅಕ್ಷರದ ಜೊತೆಗೆ ಬಣ್ಣದ ಬೋರ್ಡೂ ಇರಲಿ ಎಂದರು. ಎಲ್ಲರೂ ಬರಲಿಲ್ಲ, ಬರುತ್ತಾರೆಂದು ಶೀನಪ್ಪ ಕಾಯುವುದೂ ಇಲ್ಲ. ವಾರಕ್ಕೊಂದು ಬಸ್ಸು ಸಿಕ್ಕಿದರೂ ಅವರಿಗೆ ಸಮಾಧಾನ. ಗೆರೆ ಈಗ ಒಂದೇ ಆಗಿ ಕಾಣುತ್ತದೆ.

ನಾರಾವಿಯಿಂದ ಕಲ್ಲಡ್ಕಕ್ಕೆ ನೇರ ಬಸ್ಸು ಹಾಕಬೇಕೆಂದು ಯಜಮಾನರೊಬ್ಬರು ಓಡಾಡುತ್ತಿದ್ದಾರೆ. ಪರ್ಮಿಟ್ ಇನ್ನೂ ಆಗಿಲ್ಲ. ಆದರೆ ಆ ಬೋರ್ಡು ತಾವೇ ಬರೆಯಬೇಕೆಂಬುದು ಶೀನಪ್ಪನವರ ಆಸೆ.

"ಬರೆದು ಒಣಗಿದ ಮೇಲೆ ಮೊದಲು ಜುಲೈಕಕ್ಕನಿಗೆ ತೋರಿಸ್ತೇನೆ," ಎನ್ನುತ್ತಾರೆ ಅವರು. "ಇದು ಎಲ್ಲಿಗೆ ಹೋಗುವ ಬಸ್ಸು ಅಂತ ಅವರಿಗೆ ಗೊತ್ತಾದ್ರೆ, ನಾನು ಸರಿ ಬರೆದಿದ್ದೇನೆ ಅಂತ ಲೆಕ್ಕ."